ಕೊನೀ ಗಾಡಿ

ಸ್ವಲ್ಪ ಹೊತ್ತು ನಿಮ್ಮ ವಯಸ್ಸು ಇಪ್ಪತ್ತೊಂದು. ಊರು ಅಣ್ಣಿಗೇರಿಯ ಹತ್ತಿರ ಒಂದು ಹಳ್ಳಿ. ಓದು ಹುಬ್ಬಳ್ಳಿಯ ವಿದ್ಯಾನಗರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ, ವಾಸ ಧಾರವಾಡದ ಸಪ್ತಾಪುರದಲ್ಲಿ. ಅಷ್ಟು ದೂರ ಯಾಕೆಂದರೆ ನಿಮ್ಮಕ್ಕ ಅಲ್ಲಿ ಕೆ.ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದಾಳೆ. ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಬಾಡಿಗೆ ಉಳಿಯುತ್ತದೆ, ಅಪ್ಪನಿಗೆ ನಿದ್ದೆಯೂ ಬರುತ್ತದೆ.

ಈಗ ರಾತ್ರಿ ಹತ್ತೂ ಕಾಲು. ಕಾಲೇಜಿನ ಗೇಟಿನ ಹೊರಗೆ ನಿಂತಿದ್ದೀರಿ. ಸಂಜೆಯಿಂದ ಹಟ ಹಿಡಿದಿದ್ದ ಪ್ರಾಜೆಕ್ಟಿನ ಬೋರ್ಡು ಈಗಷ್ಟೇ ಮಾತು ಕೇಳಿದೆ. ಬೆರಳ ತುದಿಯಲ್ಲಿ ಸೋಲ್ಡರಿಂಗ್ ಹೊಗೆಯ ವಾಸನೆ ಇನ್ನೂ ಇದೆ. ಆಷಾಢದ ಗಾಳಿ ಒದ್ದೆಯಾಗಿ ಬೀಸುತ್ತಿದೆ. ಮಳೆ ಅನ್ನುವಂತಿಲ್ಲ, ಆದರೆ ಕನ್ನಡಕ ಒರೆಸಿದಷ್ಟೂ ಮಂಜಾಗುತ್ತದೆ. ಎದುರಿನ ಗಾಡಿಯವನು ಮಿರ್ಚಿ ಕರಿದ ಎಣ್ಣೆಯನ್ನು ಡಬ್ಬಿಗೆ ಸೋಸುತ್ತಿದ್ದಾನೆ. ಕೇಳಿದರೆ ಒಂದು ಪ್ಲೇಟು ಗಿರ್ಮಿಟ್ ಕೊಟ್ಟಾನು. ಹೊಟ್ಟೆ ಕೇಳು ಅನ್ನುತ್ತದೆ. ನೀವು ಕೇಳುವುದಿಲ್ಲ. ಈ ಹೊತ್ತಿನಲ್ಲಿ ತಿನ್ನುತ್ತ ನಿಲ್ಲುವುದೆಂದರೆ ಇಲ್ಲಿ ನಿಂತಿದ್ದೇನೆ ಎಂದು ನಾಲ್ಕು ಜನಕ್ಕೆ ತಿಳಿಸಿದ ಹಾಗೆ.

ಜೊತೆಯಲ್ಲಿ ಲ್ಯಾಬಿನಲ್ಲಿದ್ದ ಹುಡುಗ ಬೈಕ್ ಹೊರಳಿಸಿಕೊಂಡು ಬರುತ್ತಾನೆ.

‘ನಾ ಬಿಡ್ಲೇನು? ಅರ್ಧಾ ತಾಸಿನ್ಯಾಗ ಮನೀ ಮುಂದ ಇರ್ತಿ.’

ಒಳ್ಳೆಯ ಹುಡುಗ, ಅನುಮಾನವಿಲ್ಲ. ಆದರೆ ಸಪ್ತಾಪುರದ ಆ ಓಣಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬೈಕೊಂದು ನಿಂತು ಹುಡುಗಿ ಇಳಿದಳೆಂದರೆ, ಬೆಳಗಾಗುವುದರೊಳಗೆ ಆ ಸುದ್ದಿ ನಿಮಗಿಂತ ಮೊದಲು ಊರು ಮುಟ್ಟಿರುತ್ತದೆ. ‘ಬ್ಯಾಡೋ, ಚಿಗರಿ ಬಸ್ ಐತಿ’ ಅನ್ನುತ್ತೀರಿ. ಅವನು ಹೋದಮೇಲೆ ಬೈಕಿನ ಸದ್ದು ಕಡಿಮೆಯಾಗುವುದನ್ನೇ ಕೇಳುತ್ತ, ಹೂಂ ಅನ್ನಬೇಕಿತ್ತೇನೋ ಅಂದುಕೊಳ್ಳುತ್ತೀರಿ.

ಆಟೋ ಇದೆ. ಮೊಬೈಲಿನಲ್ಲಿ ದರ ನೋಡಿದರೆ ವಾರದ ಊಟದ ದುಡ್ಡು. ಅದಕ್ಕಿಂತ ಹೆಚ್ಚಾಗಿ, ಒಬ್ಬನೇ ಅಪರಿಚಿತನ ಬೆನ್ನ ಹಿಂದೆ ಅಷ್ಟು ದೂರ ಕೂರಬೇಕು. ರಸ್ತೆಯ ಈ ಬದಿಯಲ್ಲೇ ಸಾದಾ ಬಸ್ಸಿನ ಸ್ಟಾಪೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯದ ಚೀಟಿ ಹರಿದು ಕೊಡುತ್ತಾನೆ. ಆದರೆ ಸ್ಟಾಪಿನ ದೀಪ ಉರಿಯುತ್ತಿಲ್ಲ. ಅಲ್ಲಿ ಮೂವರು ಕೂತಿದ್ದಾರೆ. ಅವರು ಬಸ್ಸಿಗೆ ಕಾಯುತ್ತಿದ್ದಾರೋ ಸುಮ್ಮನೆ ಕೂತಿದ್ದಾರೋ ತಿಳಿಯುವುದಿಲ್ಲ. ಚಿಗರಿಗೆ ಎ.ಸಿ. ಇದೆ, ಹಾಗಾಗಿ ಶಕ್ತಿ ಯೋಜನೆ ಅದಕ್ಕಿಲ್ಲ, ದುಡ್ಡು ಕೊಡಬೇಕು. ಆದರೆ ರಸ್ತೆಯ ನಟ್ಟನಡುವೆ ಅದರ ನಿಲ್ದಾಣ ಬೆಳಕಾಗಿ ನಿಂತಿದೆ. ಒಳಗೆ ಕೌಂಟರಿನಲ್ಲಿ ಒಬ್ಬ ಮನುಷ್ಯ ಕೂತಿರುವುದು ಇಲ್ಲಿಂದಲೇ ಕಾಣುತ್ತದೆ.

ಬೆಳಕಿಗೆ ದುಡ್ಡು ಕೊಡುತ್ತಿದ್ದೀರಿ. ಪುಕ್ಕಟೆಯಾಗಿ ಹೋಗುವ ಹಕ್ಕು ಕಿಸೆಯಲ್ಲೇ ಇದೆ, ಕತ್ತಲಾದ ಮೇಲೆ ಅದನ್ನು ಬಳಸುವ ಧೈರ್ಯ ಬರುವುದಿಲ್ಲ.

ಪಿ.ಬಿ. ರೋಡು ದಾಟಬೇಕು. ಹಗಲಲ್ಲಿ ಇಲ್ಲಿ ದಾಟಲು ಜನದ ಗುಂಪು ಸಿಗುತ್ತದೆ, ಗುಂಪಿಗೆ ವಾಹನಗಳು ಹೆದರುತ್ತವೆ. ಈಗ ನೀವೊಬ್ಬರೇ. ಲಾರಿಯೊಂದು ಒದ್ದೆ ರಸ್ತೆಯನ್ನು ಸೀಳಿಕೊಂಡು ಹೋಗುತ್ತದೆ, ಸಲವಾರಿಗೆ ಕೆಸರು ಸಿಡಿಯುತ್ತದೆ. ಓಡುತ್ತೀರಿ. ಬೆನ್ನ ಮೇಲೆ ಲ್ಯಾಪ್‌ಟಾಪು ಧಡ್ ಧಡ್ ಎಂದು ಬಡಿಯುತ್ತದೆ.

‘ಕೊನೀ ಗಾಡಿ ಹೋತೇನ್ರಿ?’

ಕೌಂಟರಿನವನು ಗಡಿಯಾರ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ. ‘ಇಲ್ಲವ್ವಾ, ಬರಾಕತ್ತೈತಿ. ಸಾವಕಾಶ ಹೋಗು.’

ಸಾವಕಾಶ ಎಂಬ ಆ ಒಂದು ಮಾತಿಗೆ ಮೈಯೆಲ್ಲ ಸಡಿಲವಾಗುತ್ತದೆ. ಚೀಟಿಯನ್ನು ಯಂತ್ರಕ್ಕೆ ಹಿಡಿಯುತ್ತೀರಿ; ಕಬ್ಬಿಣದ ತೋಳು ಸೊಂಟಕ್ಕೆ ತಣ್ಣಗೆ ತಾಗಿ ತಿರುಗುತ್ತದೆ. ಒಳಗೆ ಪ್ಲಾಟ್‌ಫಾರ್ಮಿನಲ್ಲಿ ಐದಾರು ಜನ. ಸೀರೆಯ ಅಂಗಡಿಯಲ್ಲಿ ಕೆಲಸ ಮಾಡುವವಳ ಹಾಗೆ ಕಾಣುವ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಿದ್ದಾಳೆ. ಕಾಲೇಜು ಹುಡುಗರಿಬ್ಬರು ಒಂದೇ ಇಯರ್‌ಫೋನು ಹಂಚಿಕೊಂಡು ಕ್ರಿಕೆಟ್ ನೋಡುತ್ತಿದ್ದಾರೆ. ಎಲ್ಲಿ ನಿಲ್ಲಬೇಕು ಎಂದು ನೀವು ಯೋಚಿಸುವುದೇ ಇಲ್ಲ, ಕಾಲು ತಾನಾಗಿ ಆ ಹೆಂಗಸಿನ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ.

ಮೊಬೈಲು ನಡುಗುತ್ತದೆ. ಅವ್ವ.

‘ಎಲ್ಲಿ ಅದಿ?’

‘ಬಸ್ಸಿನ್ಯಾಗ ಅದೇನಿ ಬೇ.’ ಇನ್ನೂ ಹತ್ತಿಲ್ಲ. ಹತ್ತಿದ್ದೇನೆ ಎಂದರೆ ಅವ್ವ ಅರ್ಧ ಗಂಟೆ ಮೊದಲೇ ಉಸಿರು ಬಿಟ್ಟಾಳು.

‘ಬಸ್ಸಿನ್ಯಾಗ ಯಾರ್ಯಾರು ಅದಾರ?’

ಅವ್ವನ ತಲೆಯಲ್ಲಿ ಯಾವ ಬಸ್ಸು ಓಡುತ್ತಿದೆಯೆಂದು ನಿಮಗೆ ಗೊತ್ತು. 2012ರ ಡಿಸೆಂಬರ್ 16, ದಿಲ್ಲಿ, ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ಬಸ್ಸು. ಆಗ ನೀವು ಚಿಕ್ಕವರು, ಟಿ.ವಿ. ಮುಂದೆ ಕೂತ ಅವ್ವ ಸೆರಗು ಬಾಯಿಗೆ ಹಿಡಿದದ್ದಷ್ಟೇ ನೆನಪು. ಆ ಹುಡುಗಿಯೂ ವಿದ್ಯಾರ್ಥಿನಿ. ಸಿನಿಮಾ ಮುಗಿಸಿ ಗೆಳೆಯನ ಜೊತೆ ಮನೆಗೆ ಹೊರಟವಳು. ಹತ್ತಿದ್ದು ಸರ್ಕಾರಿ ಬಸ್ಸಲ್ಲ, ನಿಲ್ದಾಣದಲ್ಲಿ ಕರೆದು ಹತ್ತಿಸಿಕೊಂಡ ಖಾಸಗಿ ಬಸ್ಸು. ಆ ಹೊತ್ತಿಗೆ, ಆ ಜಾಗಕ್ಕೆ, ದೀಪ ಹಾಕಿಕೊಂಡ ಒಂದು ಸರ್ಕಾರಿ ಬಸ್ಸು ಬಂದಿದ್ದರೆ? ದೇಶ ಅವತ್ತು ಕೇಳಿದ ಸಾವಿರ ಪ್ರಶ್ನೆಗಳಲ್ಲಿ ಇದೂ ಒಂದು. ಅವ್ವನ ನೆನಪಿನಲ್ಲಿ ಉಳಿದದ್ದು ಮಾತ್ರ ಎರಡೇ: ರಾತ್ರಿ, ಬಸ್ಸು.

ಹೇಳಬೇಕು ಅನ್ನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಇದೇ ವಿದ್ಯಾನಗರದ ಒಂದು ಕಾಲೇಜಿನ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದದ್ದು ಹಗಲು ಹೊತ್ತಿನಲ್ಲಿ. ಮರುತಿಂಗಳು ಇದೇ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಹುಡುಗಿ ಸತ್ತದ್ದು ನಸುಕಿನಲ್ಲಿ, ತನ್ನ ಮನೆಯೊಳಗೇ. ಎರಡರಲ್ಲೂ ರಾತ್ರಿ ಬಸ್ಸು ಇರಲಿಲ್ಲ ಬೇ. ಇದನ್ನು ಹೇಳಿದರೆ ಅವ್ವ ನಿಮ್ಮನ್ನು ಹಗಲಿನಲ್ಲೂ ಕಳಿಸಲಿಕ್ಕಿಲ್ಲ. ‘ಭಾಳ ಮಂದಿ ಅದಾರ, ಹೆಣಮಕ್ಕಳೂ ಅದಾರ’ ಎಂದು ಫೋನಿಡುತ್ತೀರಿ.

ಬಸ್ಸು ಬಂತು. ಗಾಜಿನ ಬಾಗಿಲು ಸರಿದು, ಬಸ್ಸಿನ ಬಾಗಿಲು ತೆರೆದು, ಎ.ಸಿ.ಯ ಗಾಳಿ ಮುಖಕ್ಕೆ ಬಡಿಯುತ್ತದೆ. ಒದ್ದೆ ಕೊಡೆ, ಹಗಲೆಲ್ಲ ನಿಂತವರ ಬೆವರು, ಯಾರದೋ ಚೀಲದಲ್ಲಿನ ಮಲ್ಲಿಗೆ ಎಲ್ಲ ಕಲೆತ ವಾಸನೆ. ಸೀಟು ಬೇಕಾದಷ್ಟಿವೆ. ಹಗಲಾದರೆ ಅದು ಭಾಗ್ಯ, ಈಗ ಲೆಕ್ಕಾಚಾರ. ಕಿಟಕಿಯ ಪಕ್ಕ ಕೂತರೆ ಹೊರಗೆ ಬರಲು ಇನ್ನೊಬ್ಬರನ್ನು ದಾಟಬೇಕು. ಅಂಚಿಗೆ ಕೂತರೆ ನಡೆದಾಡುವವರ ಮೈ ತಾಗುತ್ತದೆ. ಪಾದ ಒತ್ತಿಕೊಳ್ಳುತ್ತಿದ್ದ ಹೆಂಗಸು ಒಂದು ಸಾಲು ಹಿಡಿದು ಕೂರುತ್ತಾಳೆ. ನೀವು ಅವಳ ಹಿಂದಿನ ಸಾಲು, ಕಿಟಕಿ, ಬ್ಯಾಗು ಪಕ್ಕದ ಸೀಟಿಗೆ. ಇದನ್ನು ಯಾರೂ ಕಲಿಸಿಲ್ಲ. ಬರೆಯುತ್ತಿರುವ ನಾನು ಗಂಡಸು. ಇದೇ ರಸ್ತೆಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬಾಯಿ ತೆರೆದು ನಿದ್ದೆ ಹೋಗುವವನು. ನಿಮ್ಮ ತಲೆಯಲ್ಲಿ ಈಗ ನಡೆಯುತ್ತಿರುವ ಕೂಡು ಕಳೆ ನನಗೆ ಎಂದೂ ಬೇಕಾಗಿಲ್ಲ.

ಬಾಗಿಲು ಮುಚ್ಚಿತು. ‘ರೈಟ್’ ಅನ್ನುವವರು ಯಾರೂ ಇಲ್ಲ, ಯಾಕೆಂದರೆ ಚಿಗರಿಯಲ್ಲಿ ಕಂಡಕ್ಟರ್ ಇಲ್ಲ. ಟಿಕೆಟ್ಟು ನಿಲ್ದಾಣದಲ್ಲೇ ಮುಗಿದಿದೆ, ಬಸ್ಸಿನಲ್ಲಿ ಇರುವವನು ಡ್ರೈವರ್ ಒಬ್ಬನೇ. ಈ ಏರ್ಪಾಟು ಬಂದು ಬಹಳ ವರ್ಷವೇನೂ ಆಗಿಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್, ರಸ್ತೆಯ ಮಧ್ಯದಲ್ಲಿ ಬಸ್ಸಿಗೇ ಬೇರೆ ದಾರಿ ಬಿಟ್ಟು, ವಿಶ್ವಬ್ಯಾಂಕಿನ ಹಣವನ್ನೂ ಸೇರಿಸಿ ಕಟ್ಟಿದ್ದು. 2018ರ ಅಕ್ಟೋಬರಿನಲ್ಲಿ ಓಡಾಟ ಶುರುವಾಗಿ, 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅದನ್ನು ಉದ್ಘಾಟಿಸಿದರು. ಈ ಸಾಲಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಕಾನೂನು ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜುಗಳಿವೆ, ಆ ತುದಿಯಲ್ಲಿ ಧಾರವಾಡವೇ ಇದೆ. ಹೀಗಾಗಿ ಹೆಸರಿಗೆ ಎಲ್ಲರ ಬಸ್ಸಾದರೂ ಇದು ಓದುವ ಮಕ್ಕಳ ಬಸ್ಸು. ಆದರೆ ಇದನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ವೇಗ. ಕಂಡಕ್ಟರ್ ಎಂದರೆ ಟಿಕೆಟ್ ಹರಿಯುವವನು ಅಷ್ಟೇ ಎಂದು ಅವರು ಲೆಕ್ಕ ಹಾಕಿದರು. ಸಾದಾ ಬಸ್ಸಿನ ಕಂಡಕ್ಟರ್ ರಾತ್ರಿ ಹತ್ತರ ಮೇಲೆ ಇನ್ನೂ ಏನೇನು ಮಾಡುತ್ತಾನೆ ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲವಲ್ಲ. ‘ಏ, ಆ ಕಡೆ ಸರದ್ ಕುಂದ್ರು’ ಎಂದು ಒಬ್ಬನನ್ನು ಎಬ್ಬಿಸುವುದು, ಇಳಿಯುವ ಹುಡುಗಿ ರಸ್ತೆ ದಾಟುವ ತನಕ ಸೀಟಿ ಊದದೆ ಇರುವುದು.

ಉಣಕಲ್ ಕೆರೆಯ ಹತ್ತಿರ ಕಿಟಕಿಯ ಆಚೆ ದೊಡ್ಡ ಕಪ್ಪು. ನೀರು ಕಾಣುವುದಿಲ್ಲ, ನೀರಿನ ಮೇಲಿನ ದೀಪಗಳು ಕಾಣುತ್ತವೆ. ಭೈರಿದೇವರಕೊಪ್ಪದಲ್ಲಿ ಆ ಹೆಂಗಸು ಏಳುತ್ತಾಳೆ. ಇಳಿಯುವ ಮುನ್ನ ನಿಮ್ಮತ್ತ ತಿರುಗಿ, ‘ಎಲ್ಲಿ ತನಕ ತಂಗಿ?’

‘ಜುಬ್ಲಿ ಸರ್ಕಲ್ರೀ ಅಕ್ಕಾರ.’

ಅವಳು ಬಸ್ಸಿನ ಹಿಂಭಾಗವನ್ನೊಮ್ಮೆ ನೋಡುತ್ತಾಳೆ. ‘ಮುಂದ ಹೋಗಿ ಕುಂದ್ರು’ ಎನ್ನುತ್ತಾಳೆ. ಬಾಗಿಲು ಮುಚ್ಚುತ್ತದೆ.

ಹೋಗಬೇಕಿತ್ತು. ಆದರೆ ಎದ್ದು ಹೋದರೆ ಹೆದರಿದ್ದೀರೆಂದು ಹಿಂದಿನವರಿಗೆ ತಿಳಿಯುತ್ತದೆ. ನವನಗರದಲ್ಲಿ ನಾಲ್ಕೈದು ಜನ ಒಟ್ಟಿಗೆ ಇಳಿಯುತ್ತಾರೆ, ಕೈಯಲ್ಲಿ ದಪ್ಪ ಕಾನೂನು ಪುಸ್ತಕ, ಬಾಯಲ್ಲಿ ಇಂಟರ್ನಲ್ಸಿನ ಮಾತು. ಕ್ರಿಕೆಟ್ಟಿನ ಹುಡುಗರೂ ಇಳಿದರು. ಅವರ ಗಲಾಟೆ ಹೋದಮೇಲೆ ಎ.ಸಿ.ಯ ಭೋರ್ಗರೆತ ಇದ್ದಕ್ಕಿದ್ದಂತೆ ಜೋರಾಗಿ ಕೇಳುತ್ತದೆ. ಎಣಿಸುತ್ತೀರಿ. ನೀವು. ಮುಂದೆ ನಿದ್ದೆ ಹೋದ ಮುದುಕ. ಹಿಂದೆ ಇಬ್ಬರು.

ರಾಯಾಪುರ ದಾಟಿತು. ಇಲ್ಲಿಂದ ಮುಂದೆ ಊರುಗಳು ಸ್ವಲ್ಪ ದೂರ ದೂರ. ಬಸ್ಸು ತನ್ನದೇ ದಾರಿಯಲ್ಲಿ ಅಡ್ಡಿಯಿಲ್ಲದೆ ಓಡುತ್ತಿದೆ. ಹಗಲಿನಲ್ಲಿ ಇದೇ ವೇಗವನ್ನು ಮೆಚ್ಚಿಕೊಂಡಿದ್ದೀರಿ. ಹಿಂದಿನ ಸೀಟು ಕಿರುಗುಟ್ಟುತ್ತದೆ. ಹೆಜ್ಜೆ. ಒಬ್ಬ ಎದ್ದು ಬಂದು ನಿಮ್ಮ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಗುಟ್ಕಾದ ಸಿಹಿ ನಾತ, ಅದರಡಿಯಲ್ಲಿ ಸಾರಾಯಿ. ತಿರುಗಬೇಡಿ. ತಿರುಗಿದರೆ ಮಾತು ಶುರುವಾಗುತ್ತದೆ. ಕಿಟಕಿಯ ಗಾಜಿನಲ್ಲಿ ನೋಡುತ್ತೀರಿ: ಅವನ ಗಲ್ಲ, ನಿಮ್ಮ ಸೀಟಿನ ಬೆನ್ನ ಮೇಲೆ ಅವನ ಐದು ಬೆರಳು. ಬೆರಳು ನಿಮ್ಮ ಭುಜಕ್ಕೆ ನಾಲ್ಕು ಇಂಚು. ಕುತ್ತಿಗೆಯ ಹಿಂದೆ ಬೆವರು ತಣ್ಣಗಾಗುತ್ತದೆ. ನಾಲಿಗೆ ಅಂಗುಳಕ್ಕೆ ಅಂಟುತ್ತದೆ.

‘ಧಾರವಾಡದಾಗ ಎಲ್ಲಿ?’

ಕೇಳಿಸಲಿಲ್ಲ ಎಂಬಂತೆ ಮೊಬೈಲು ನೋಡುತ್ತೀರಿ. 112 ಒತ್ತಬಹುದು. ಒತ್ತಿ ಏನು ಹೇಳುವುದು? ಒಬ್ಬ ಮನುಷ್ಯ ಹಿಂದಿನ ಸೀಟಿಗೆ ಬಂದು ಕೂತು ಎಲ್ಲಿ ಎಂದು ಕೇಳಿದ ಎಂದೇ? ಅದು ಅಪರಾಧವಲ್ಲ. ಅಪರಾಧವಾಗುವ ತನಕ ಕಾಯಬೇಕೇ? ಬೆರಳು ಮೂರು ಇಂಚು. ಕಿರುಚಿದರೆ ಮುದುಕ ಎದ್ದಾನು, ಇವನು ಕೈ ತೆಗೆದು ‘ನಾ ಏನ್ ಮಾಡೇನಿ’ ಅಂದಾನು, ಉಳಿದ ದಾರಿ ಇನ್ನೂ ಉದ್ದವಾದೀತು.

ಏಳುತ್ತೀರಿ. ಬ್ಯಾಗು ಎತ್ತುತ್ತೀರಿ. ಓಡುವ ಬಸ್ಸಿನಲ್ಲಿ ಕಂಬದಿಂದ ಕಂಬಕ್ಕೆ ಕೈ ಹಾಕುತ್ತ, ಒಂದು, ಎರಡು, ಮೂರು. ಡ್ರೈವರಿನ ಹಿಂದಿನ ಸೀಟು. ಕೂರುವಾಗ ಮೊಣಕಾಲು ನಡುಗುವುದು ಕಾಣುತ್ತದೆ, ಬ್ಯಾಗನ್ನು ಅದರ ಮೇಲಿಟ್ಟು ಒತ್ತಿ ಹಿಡಿಯುತ್ತೀರಿ.

ಕನ್ನಡಿಯಲ್ಲಿ ಡ್ರೈವರಿನ ಕಣ್ಣು.

‘ಯಾಕ ತಂಗಿ?’

‘ಏನಿಲ್ರಿ.’

ಅವನು ಮತ್ತೆ ಕೇಳುವುದಿಲ್ಲ. ಕೈ ಎತ್ತಿ ಕನ್ನಡಿಯನ್ನು ಸ್ವಲ್ಪ ತಿರುಗಿಸುತ್ತಾನೆ, ಹಿಂದಿನ ಸೀಟುಗಳು ಅದರಲ್ಲಿ ಪೂರ್ತಿ ಬರುವ ಹಾಗೆ. ಅಷ್ಟೆ. ರಸ್ತೆ ನೋಡಬೇಕಾದವನಿಗೆ ಇದಕ್ಕಿಂತ ಹೆಚ್ಚು ಆಗುವುದಿಲ್ಲ. ಅವನು ಒಳ್ಳೆಯವನಾಗಿದ್ದದ್ದು ನಿಮ್ಮ ಅದೃಷ್ಟ, ವ್ಯವಸ್ಥೆಯಲ್ಲ.

ನವಲೂರು. ಬಾಗಿಲು ತೆರೆಯುತ್ತದೆ, ಯಾರೂ ಹತ್ತುವುದಿಲ್ಲ, ಮುಚ್ಚುತ್ತದೆ. ಹಿಂದೆ ಮತ್ತೆ ಸೀಟಿನ ಕಿರುಗುಟ್ಟು. ನೋಡುವುದಿಲ್ಲ.

ಸತ್ತೂರಿನಲ್ಲಿ ಬಾಗಿಲು ತೆರೆದದ್ದೇ ಗದ್ದಲ. ಆಸ್ಪತ್ರೆಯ ಪಾಳಿ ಮುಗಿಸಿದ ಆರೇಳು ಹುಡುಗಿಯರು ನುಗ್ಗಿ ಬರುತ್ತಾರೆ, ಕೆಲವರ ಕೈಮೇಲೆ ಮಡಚಿದ ಬಿಳಿ ಕೋಟು. ಸ್ಪಿರಿಟ್ಟು, ಡೆಟಾಲು, ಜೊತೆಗೆ ಯಾರದೋ ಟಿಫಿನ್ ಡಬ್ಬಿಯ ಚಟ್ನಿಪುಡಿಯ ಬೆಳ್ಳುಳ್ಳಿ. ಸಿಸ್ಟರೊಬ್ಬರನ್ನು ಬೈಯುತ್ತ, ನಗುತ್ತ, ಒಬ್ಬರ ಮೇಲೊಬ್ಬರು ವಾಲುತ್ತ ಇಡೀ ಮುಂಭಾಗ ತುಂಬುತ್ತಾರೆ. ಒಬ್ಬಳು ನಿಮ್ಮ ಪಕ್ಕಕ್ಕೆ ದೊಪ್ಪನೆ ಕೂತು, ‘ಸ್ವಲ್ಪ ಸರೀರಿ’ ಅನ್ನುತ್ತಾಳೆ. ಸರಿಯುತ್ತೀರಿ. ಆಗ ಗೊತ್ತಾಗುತ್ತದೆ, ಇಷ್ಟು ಹೊತ್ತು ಉಸಿರನ್ನು ಅರ್ಧಕ್ಕೇ ಎಳೆಯುತ್ತಿದ್ದಿರಿ.

ಬಸ್ಸು ಅದೇ, ಹೊತ್ತು ಇನ್ನೂ ಹೆಚ್ಚಾಗಿದೆ, ಹಿಂದಿನವನು ಹಿಂದೆಯೇ ಇದ್ದಾನೆ. ಬದಲಾದದ್ದು ಇವರು ಹತ್ತಿದ್ದು. ರಾತ್ರಿ ಬಸ್ಸಿಗೆ ಜನ ಬರುವುದಿಲ್ಲ, ನಷ್ಟ, ನಿಲ್ಲಿಸೋಣ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಜನ ಕಡಿಮೆ ಎಂದು ಒಂದು ಗಾಡಿ ತೆಗೆದರೆ, ಉಳಿದ ಗಾಡಿ ಹತ್ತಲು ಹೆದರುವವರು ಹೆಚ್ಚುತ್ತಾರೆ. ಆಗ ಅದರಲ್ಲೂ ಜನ ಕಡಿಮೆ. ಈ ಲೆಕ್ಕವನ್ನು ನೀವು ಈಗ ಮೈಯಿಂದ ಮಾಡಿದ್ದೀರಿ.

ಗಾಂಧಿನಗರ, ವಿದ್ಯಾಗಿರಿ, ಟೋಲ್ ನಾಕಾ. ಮೈಕಿನ ಹೆಣ್ಣುದನಿ ಎಲ್ಲ ನಿಲ್ದಾಣವನ್ನೂ ಒಂದೇ ರಾಗದಲ್ಲಿ ಹೇಳುತ್ತದೆ. ಬಿಳಿ ಕೋಟುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಜುಬ್ಲಿ ಸರ್ಕಲ್ಲಿನಲ್ಲಿ ಇಳಿಯುತ್ತೀರಿ. ಡ್ರೈವರ್ ಕನ್ನಡಿಯಲ್ಲೇ ತಲೆಯಾಡಿಸುತ್ತಾನೆ. ಬಸ್ಸಿನ ಲೆಕ್ಕದಲ್ಲಿ ನೀವು ತಲುಪಿಯಾಯಿತು.

ಗಡಿಯಾರ ಹನ್ನೊಂದು ದಾಟಿದೆ. ಪೇಢೆಯ ಅಂಗಡಿಗಳ ಶಟರು ಇಳಿದಿವೆ, ನಾಯಿಗಳು ಅವುಗಳ ಮುಂದೆ ಬೆಚ್ಚಗೆ ಸುತ್ತಿಕೊಂಡಿವೆ. ಆಟೋದವರು ಇಬ್ಬರೇ, ಕೇಳಿದ ದರಕ್ಕೆ ನಿಮ್ಮ ಬಳಿ ದುಡ್ಡಿಲ್ಲ. ನಡೆಯಬೇಕು, ಕೆ.ಸಿ.ಡಿ. ಸರ್ಕಲ್ಲಿನ ತನಕ. ಅಲ್ಲಿಗೆ ಅಕ್ಕ ಬರುತ್ತಾಳೆ, ತನ್ನ ರೀಡಿಂಗ್ ರೂಮಿನ ಇಬ್ಬರನ್ನು ಕರೆದುಕೊಂಡು. ಸಪ್ತಾಪುರದ ಅದೃಷ್ಟ ಅದು: ಸರ್ಕಾರಿ ಕೆಲಸದ ಕನಸಿನಲ್ಲಿ ಇಡೀ ಬಡಾವಣೆ ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ಓದುತ್ತದೆ, ಚಹಾ ಕುಡಿಯಲು ಎದ್ದು ಬರುತ್ತದೆ. ಅಲ್ಲಿ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಈ ನಡುವಿನ ತುಂಡಿನಲ್ಲಿ, ಮರಗಳು ದೀಪಗಳನ್ನು ನುಂಗುವ ಕಡೆ.

ಅಕ್ಕನಿಗೆ ಫೋನು ಹಚ್ಚಿ ಕಿವಿಗೆ ಒತ್ತುತ್ತೀರಿ. ಇನ್ನೊಂದು ಕೈಯಲ್ಲಿ ಮಡಚಿದ ಕೊಡೆ. ಒದ್ದೆ ಎಲೆಗಳ ಮೇಲೆ ಚಪ್ಪಲಿ ಜಾರುತ್ತದೆ, ಆದರೂ ವೇಗ ಇಳಿಸುವುದಿಲ್ಲ. ಹಿಂದೆ ಬೈಕಿನ ಸದ್ದು. ಹತ್ತಿರ ಬಂತು. ದಾಟಿ ಹೋಗಬೇಕಿತ್ತು. ಹೋಗಲಿಲ್ಲ, ಗೇರು ಇಳಿಸಿತು. ನಿಮ್ಮ ನೆರಳು ರಸ್ತೆಯ ಮೇಲೆ ಉದ್ದವಾಯಿತು.

‘ಇಲ್ಲೇ ಅದೇನಿ ಅಕ್ಕಾ, ನೀ ಕಾಣಾಕತ್ತಿ!’ ಎಂದು ಕೂಗಿ ಹೇಳುತ್ತೀರಿ. ಅಕ್ಕ ಎಲ್ಲೂ ಕಾಣುವುದಿಲ್ಲ. ಫೋನಿನ ಆ ಕಡೆ ಅವಳಿಗೆ ಅರ್ಥವಾಗಿ ಅವಳೂ ಕೂಗುತ್ತಾಳೆ, ‘ಹೂಂ, ಬಾ, ಮಾವಾರೂ ಇಲ್ಲೇ ನಿಂತಾರ!’ ಇಲ್ಲದ ಮಾವನನ್ನು ಇಬ್ಬರೂ ರಸ್ತೆಯಲ್ಲಿ ನಿಲ್ಲಿಸಿದ್ದೀರಿ. ಬೈಕು ಎರಡು ಕ್ಷಣ ಪಕ್ಕದಲ್ಲೇ ಉರುಳಿ, ಸದ್ದು ಏರಿಸಿ, ಮುಂದೆ ಹೋಗುತ್ತದೆ. ಯಾರು, ದಾರಿ ಕೇಳಲು ಬಂದವನೋ, ಮತ್ತೇನೋ, ತಿಳಿಯುವುದಿಲ್ಲ. ಓಡುತ್ತೀರಿ.

ಅಕ್ಕ ಸರ್ಕಲ್ಲಿನಲ್ಲಿ ಸಿಗುತ್ತಾಳೆ, ಸ್ವೆಟರಿನ ಮೇಲೆ ದುಪಟ್ಟಾ ಸುತ್ತಿಕೊಂಡು. ಅಪ್ಪಿಕೊಳ್ಳುವುದಿಲ್ಲ, ಬೈಯುತ್ತಾಳೆ. ಜೊತೆಗೆ ಬಂದ ಹುಡುಗಿಯರಿಬ್ಬರು ಆಧುನಿಕ ಇತಿಹಾಸದ ನೋಟ್ಸು ಬಗಲಲ್ಲೇ ಹಿಡಿದು ಬಂದಿದ್ದಾರೆ.

ಪಿ.ಜಿ.ಯ ಗೇಟಿಗೆ ಬೀಗ. ಅಕ್ಕ ಸರಳಿಗೆ ಚಿಲಕ ಬಡಿಯುತ್ತಾಳೆ. ಆಂಟಿ ನಿದ್ದೆಗಣ್ಣಿನಲ್ಲಿ, ಶಾಲು ಹೊದ್ದು, ಕೀಲಿಗೊಂಚಲು ಸದ್ದು ಮಾಡುತ್ತ ಬರುತ್ತಾರೆ. ಬೀಗ ತೆಗೆಯುವುದಿಲ್ಲ, ಮೊದಲು ಮಾತು.

‘ನಾ ಏನ್ ಹೇಳಿದ್ದೆ? ಹತ್ತೂವರಿ ಅಂದ್ರ ಹತ್ತೂವರಿ.’

‘ಲ್ಯಾಬ್ ಇತ್ರಿ ಆಂಟಿ. ಲ್ಯಾಬ್ ಮುಗಿಯೂದ ಹತ್ತಕ್ಕ. ಬಸ್ಸಿಗೆ ಮುಕ್ಕಾಲು ತಾಸು ಬೇಕು, ಮತ್ತ ಅಲ್ಲಿಂದ ನಡೀಬೇಕು.’

‘ಹಂಗಾದ್ರ ಲ್ಯಾಬಿನವ್ರಿಗೆ ಹೇಳು ಲಗೂ ಮುಗಸ್ರಿ ಅಂತ.’

‘ನಾಳೆನೂ ಐತ್ರಿ. ಈ ತಿಂಗಳೆಲ್ಲಾ ಐತಿ.’ ಗೇಟಿನ ಸರಳನ್ನು ಹಿಡಿದ ನಿಮ್ಮ ಕೈ ಈಗ ನಡುಗುತ್ತಿಲ್ಲ. ‘ಗೇಟಿಂದು ಒಂದ್ ಕೀಲಿ ನಮಗ ಕೊಟ್ಬಿಡ್ರಿ. ನಿಮ್ಮ ನಿದ್ದೀನೂ ಕೆಡೂದಿಲ್ಲ, ನಾವೂ ರಸ್ತೇದಾಗ ನಿಲ್ಲೂದಿಲ್ಲ.’

ಆಂಟಿ ಅಕ್ಕನನ್ನು ನೋಡುತ್ತಾರೆ, ನಿಮ್ಮ ಸಲವಾರಿನ ಕೆಸರು ನೋಡುತ್ತಾರೆ, ನೋಟ್ಸು ಹಿಡಿದ ಹುಡುಗಿಯರನ್ನು ನೋಡುತ್ತಾರೆ. ಗೊಂಚಲಿನಲ್ಲಿ ಗೇಟಿನ ಕೀಲಿ ಯಾವುದೆಂದು ಹುಡುಕುತ್ತ ಹೇಳುತ್ತಾರೆ:

‘ಡುಪ್ಲಿಕೇಟ್ ಮಾಡ್ಸಾಕ ರೊಕ್ಕ ನೀವ ಕೊಡ್ಬೇಕ ನೋಡ್ರಿ ಮತ್ತ.’